ಹ್ಯಾಲೋವೀನ್ ವಾರದ ಚಳಿ, ವೇಷ, ನೆಂಟರು: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಉತ್ತರ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಅಕ್ಟೋಬರ್ ಕೊನೆಯ ವಾರವನ್ನು ಕುರಿತಾಗಿವೆ. ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಹ್ಯಾಲೋವೀನ್ ಎಂದರೇನು ಎಂದು ಕೇಳಿದವರು ಕಡಿಮೆ; ಹೊರಗೆ ಕೊರೆಯುವ ಗಾಳಿ, ಒಳಗೆ ಮನೆ ತುಂಬ ನೆಂಟರು ಇರುವಾಗ ಆ ಸಂಜೆಯನ್ನು ಜಗಳವಿಲ್ಲದೆ ಕಳೆಯುವುದು ಹೇಗೆ ಎಂದು ಕೇಳಿದವರೇ ಹೆಚ್ಚು. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನಾವು ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿದ್ದೇವೆ. ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ ಇದ್ದಾರೆ. ಹ್ಯಾಲೋವೀನ್ ವಾರಕ್ಕೆ ನನ್ನ ಅಕ್ಕ ತನ್ನ ಇಬ್ಬರು ಮಕ್ಕಳೊಂದಿಗೆ ಟೆಕ್ಸಾಸಿನಿಂದ ಬರುತ್ತಿದ್ದಾಳೆ. ವೇಷದ ಮೇಲೆ ಕೋಟು ಹಾಕಿಕೋ ಎಂದರೆ ಮಗಳು ಪ್ರತಿವರ್ಷವೂ ಅಳುತ್ತಾಳೆ. ಹಾಕದಿದ್ದರೆ ನೆಗಡಿ ಹಿಡಿಯುತ್ತದೆಂದು ನನಗೆ ಭಯ. ಈ ಸಲ ನಾಲ್ಕು ಮಕ್ಕಳನ್ನು ಹೇಗೆ ನಿಭಾಯಿಸಲಿ?

ಉತ್ತರ: ಮೊದಲು ನೆಗಡಿಯ ಮಾತನ್ನು ಮುಗಿಸಿಬಿಡೋಣ. ನೆಗಡಿ ಬರುವುದು ವೈರಾಣುಗಳಿಂದ. ಕೋಟು ಹಾಕದ ಕಾರಣಕ್ಕೇ ಬರುವುದಿಲ್ಲ. ನಾಲ್ಕು ಮಕ್ಕಳು ವಾರವಿಡೀ ಒಂದೇ ಮನೆಯಲ್ಲಿ ಕಿಟಕಿ ಮುಚ್ಚಿಕೊಂಡು ಇರುವಾಗ ಅದು ಕೋಟನ್ನು ಕೇಳದೆಯೇ ಬರಬಹುದು. ಕೋಟು ಬೇಕಾಗಿರುವುದು ಬೇರೆ ಕಾರಣಕ್ಕೆ. ಚಿಕ್ಕ ಮಕ್ಕಳ ಮೈಯ ಶಾಖ ದೊಡ್ಡವರಿಗಿಂತ ಬೇಗ ಹೊರಹೋಗುತ್ತದೆ, ಮತ್ತು ಮಿಠಾಯಿ ಸಂಗ್ರಹಿಸುವ ಭರದಲ್ಲಿ ಚಳಿಯಾಗುತ್ತಿದೆ ಎಂದು ಅವರು ಹೇಳುವುದಿಲ್ಲ.

ನಿಮ್ಮಲ್ಲಿ ಅಕ್ಟೋಬರ್ ಕೊನೆಗೆ ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 50 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿರುತ್ತದೆ. ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗಿದ ಮೇಲೆ ಬೇಗ ಇಳಿಯುತ್ತದೆ, ಗಾಳಿ ಬೀಸಿದರೆ ಇನ್ನೂ ಕಡಿಮೆ ಎನಿಸುತ್ತದೆ. ಸರಾಸರಿಯನ್ನು ನಂಬಿ ಕೂರುವ ಊರೂ ಅದಲ್ಲ. 1991ರ ಹ್ಯಾಲೋವೀನ್ ದಿನ ಆರಂಭವಾದ ಹಿಮಪಾತ ನಿಮ್ಮ ನಗರದಲ್ಲಿ 28.4 ಇಂಚು, ನಿಮ್ಮದೇ ಮಿನ್ನೆಸೋಟ ರಾಜ್ಯದ ಡುಲೂತಿನಲ್ಲಿ 36.9 ಇಂಚು ಹಿಮವನ್ನು ಸುರಿದು ಹೋಯಿತು. ಅಂದು ಮಕ್ಕಳಾಗಿದ್ದ ಮಿನ್ನೆಸೋಟದವರು, ಹಿಮಬೂಟು ತೊಟ್ಟು ಮನೆಮನೆಗೆ ಹೋದ ಕತೆಯನ್ನು ಇಂದಿಗೂ ಹೇಳುತ್ತಾರೆ.

ಆದ್ದರಿಂದ ಜಗಳ ನಡೆಯಬೇಕಾದದ್ದು 31ರ ಸಂಜೆ ಬಾಗಿಲಿನಲ್ಲಲ್ಲ, ವೇಷವನ್ನು ಆರಿಸುವ ದಿನ ಅಂಗಡಿಯಲ್ಲಿ. ಒಂದು ಅಳತೆ ದೊಡ್ಡ ವೇಷವನ್ನು ಕೊಂಡರೆ ಅದರ ಒಳಗೆ ಥರ್ಮಲ್ ಉಡುಪು, ಉಣ್ಣೆಯ ಅಥವಾ ಫ್ಲೀಸಿನ ಒಂದು ಪದರ ಹಿಡಿಸುತ್ತದೆ, ಹೊರಗಿನಿಂದ ರಾಜಕುಮಾರಿ ರಾಜಕುಮಾರಿಯಾಗಿಯೇ ಉಳಿಯುತ್ತಾಳೆ. ಮೈಗೆ ತಾಗುವ ಪದರ ಹತ್ತಿಯದಾಗಿರಬಾರದು. ಹತ್ತಿ ಬೆವರನ್ನು ಹಿಡಿದಿಟ್ಟುಕೊಂಡು ನಿಂತಕೂಡಲೇ ತಣ್ಣಗಾಗುತ್ತದೆ. ಕರಡಿ, ಗಗನಯಾತ್ರಿ, ಅಗ್ನಿಶಾಮಕ ದಳದವನು, ಹಿಮಮಾನವ ಮುಂತಾದ ವೇಷಗಳಲ್ಲಿ ಟೋಪಿಯೂ ದಪ್ಪ ಬಟ್ಟೆಯೂ ವೇಷದ ಭಾಗವೇ ಆಗಿರುವುದರಿಂದ ವಾದಕ್ಕೆ ಅವಕಾಶವಿರುವುದಿಲ್ಲ. ಬೆರಳುಗಳೆಲ್ಲ ಒಟ್ಟಿಗಿರುವ ಮಿಟನ್‌ಗಳು ಬೆರಳು ಬೆರಳಿನ ಕೈಗವಸಿಗಿಂತ ಬೆಚ್ಚಗಿರುತ್ತವೆ. ಮುಖವಾಡ ಬೇಡ, ಕತ್ತಲೆಯಲ್ಲಿ ಅದು ಮಗುವಿನ ದೃಷ್ಟಿಯನ್ನು ಇಕ್ಕೆಲಗಳಲ್ಲೂ ಮರೆಮಾಡುತ್ತದೆ. ಮುಖಕ್ಕೆ ಬಣ್ಣ ಹಚ್ಚುವುದಾದರೆ ಒಂದು ದಿನ ಮೊದಲೇ ತೋಳಿನ ಮೇಲೆ ಸ್ವಲ್ಪ ಹಚ್ಚಿ ನೋಡಿ.

ನಿಮ್ಮ ಅಕ್ಕನ ಮಕ್ಕಳ ಬಳಿ ಚಳಿಗಾಲದ ಬಟ್ಟೆ ಇರುವ ಸಂಭವ ಕಡಿಮೆ. ಎರಡು ಗಂಟೆಯ ಸುತ್ತಾಟಕ್ಕಾಗಿ ಹೊಸದನ್ನು ಕೊಳ್ಳಬೇಡಿ. ನಿಮ್ಮ ಬೀದಿಯಲ್ಲಿ ಮಕ್ಕಳಿರುವ ಯಾವ ಮನೆಯಲ್ಲಿಯೂ ಮಕ್ಕಳು ಬೆಳೆದು ಈಗ ಚಿಕ್ಕದಾದ ಕೋಟು, ಬೂಟುಗಳು ತುಂಬಿರುತ್ತವೆ. ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ನಾಲ್ವರನ್ನೂ ಒಂದೇ ಉದ್ದದ ದಾರಿಯಲ್ಲಿ ನಡೆಸಬೇಡಿ. ಮೊದಲು ಎಲ್ಲರೂ ಸೇರಿ ಅಕ್ಕಪಕ್ಕದ ಮನೆಗಳನ್ನು ಮುಗಿಸಿ ಮನೆಗೆ ಮರಳಿ, ಬಿಸಿಯಾದದ್ದೇನಾದರೂ ಕುಡಿಸಿ, ಚಿಕ್ಕವನನ್ನು ಅಲ್ಲಿಯೇ ಉಳಿಸಿ, ದೊಡ್ಡ ಮಕ್ಕಳು ಎರಡನೆಯ ಸುತ್ತಿಗೆ ಹೊರಡಲಿ.

ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಸ್ನೇಹಿತರ ಬಡಾವಣೆಗೆ ಕಾರಿನಲ್ಲಿ ಹೋಗುವುದಾದರೆ, ಉಬ್ಬಿದ ಕೋಟು ಅಥವಾ ಹತ್ತಿ ತುಂಬಿದ ವೇಷದ ಮೇಲೆ ಕಾರ್ ಸೀಟಿನ ಪಟ್ಟಿಯನ್ನು ಬಿಗಿಯಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಅಪಘಾತದಲ್ಲಿ ಆ ಉಬ್ಬು ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ತೆಳು ಪದರದ ಮೇಲೆ ಪಟ್ಟಿ ಬಿಗಿದು, ಕೋಟನ್ನು ಮೇಲಿನಿಂದ ಹೊದಿಸಿ.

ಪ್ರಶ್ನೆ: ಐದು ವರ್ಷದ ಮೊಮ್ಮಗನಿಗೆ ಕೃಷ್ಣನ ವೇಷ ಹಾಕಬೇಕೆಂದು ನನ್ನ ಆಸೆ, ಊರಿನಿಂದ ಕಿರೀಟ, ಕೊಳಲು ತಂದಿದ್ದೇನೆ. ಅವನು ಡೈನೋಸಾರ್ ಆಗುತ್ತೇನೆ ಎನ್ನುತ್ತಾನೆ. ಮಗಳು ನನ್ನ ಕಡೆಗೂ ಇಲ್ಲ, ಅವನ ಕಡೆಗೂ ಇಲ್ಲ. (ವಿಸ್ಕಾನ್ಸಿನ್)

ಉತ್ತರ: ಕೃಷ್ಣನಿಗೆ ಬರಿಯ ಮೈ, ಪೀತಾಂಬರ, ಡೈನೋಸಾರಿಗೆ ತಲೆಯಿಂದ ಬಾಲದವರೆಗೆ ಫ್ಲೀಸ್. ವಿಸ್ಕಾನ್ಸಿನ್ನಿನ ಅಕ್ಟೋಬರ್ ಸಂಜೆಯಲ್ಲಿ ಡೈನೋಸಾರ್ ಗೆಲ್ಲಲಿ. ಅದೂ ಅಲ್ಲದೆ, ಭೂತ ಪಿಶಾಚಿಗಳ ನಡುವೆ ದೇವರ ವೇಷ ಹಾಕಿ ನಿಲ್ಲಿಸಿದರೆ ನೆರೆಯವರಿಗೆ ಅದು ಯಾರೆಂದು ತಿಳಿಯದೆ, ಪ್ರತಿ ಬಾಗಿಲಿನಲ್ಲೂ ವಿವರಿಸುವ ಹೊಣೆ ಮಗುವಿನ ತಲೆಯ ಮೇಲೆ ಬೀಳುತ್ತದೆ. ಕಿರೀಟ, ಕೊಳಲುಗಳಿಗೆ ಮನೆಯೊಳಗೆ ಬೆಚ್ಚಗೆ ಫೋಟೋ ತೆಗೆಸಿಕೊಳ್ಳುವ ಒಂದು ಸಂಜೆ ಸಿಗದೇ ಇರುವುದಿಲ್ಲ.

ಪ್ರಶ್ನೆ: ಆರು ತಿಂಗಳಿಗೆಂದು ಷಿಕಾಗೋ ಬಳಿ ಮಗನ ಮನೆಗೆ ಬಂದಿದ್ದೇನೆ. ಮನೆಯ ಮುಂದಿನ ಹುಲ್ಲಿನ ಮೇಲೆ ಸಮಾಧಿಯ ಕಲ್ಲು, ಅಸ್ಥಿಪಂಜರ ನಿಲ್ಲಿಸಿದ್ದಾರೆ. ನೋಡಿದಾಗಲೆಲ್ಲ ಮನಸ್ಸಿಗೆ ಹಿಂಸೆ. ಇದು ಅಶುಭವಲ್ಲವೇ? ಸೊಸೆಗೆ ಹೇಳಿದರೆ ಬೇಸರ ಮಾಡಿಕೊಂಡಾಳೆಂದು ಸುಮ್ಮನಿದ್ದೇನೆ. ಆ ಸಂಜೆ ನಾನು ಕೋಣೆಯಲ್ಲಿ ಕುಳಿತುಕೊಳ್ಳಲೇ?

ಉತ್ತರ: ಅಮ್ಮಾ, ನಿಮ್ಮ ಮನಸ್ಸಿನ ಹಿಂಸೆ ಸುಳ್ಳಲ್ಲ, ಅದನ್ನು ಯಾರೂ ತಮಾಷೆ ಮಾಡಬಾರದು. ಆದರೆ ಆ ಕಲ್ಲುಗಳ ಹಿಂದೆ ಇರುವುದು ಮಾಟಮಂತ್ರವಲ್ಲ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಹಳೆಯ ಜನರಿಗೆ ಅಕ್ಟೋಬರ್ ಕೊನೆ ಎಂದರೆ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತು. ಸೌವಿನ್ ಎಂಬ ಆ ಹಬ್ಬದ ರಾತ್ರಿ ಸತ್ತವರ ಲೋಕಕ್ಕೂ ಬದುಕಿರುವವರ ಲೋಕಕ್ಕೂ ನಡುವಿನ ತೆರೆ ತೆಳುವಾಗುತ್ತದೆಂದು ಅವರು ನಂಬಿದ್ದರು. ಮುಂದೆ ಕ್ರೈಸ್ತ ಚರ್ಚು ನವೆಂಬರ್ 1ನ್ನು ಎಲ್ಲ ಸಂತರ ದಿನವಾಗಿಯೂ 2ನ್ನು ಮೃತರ ಆತ್ಮಗಳಿಗಾಗಿ ಪ್ರಾರ್ಥಿಸುವ ದಿನವಾಗಿಯೂ ಗೊತ್ತುಮಾಡಿತು. ಆ ದಿನಗಳಲ್ಲಿ ಇಂಗ್ಲೆಂಡಿನ ಬಡವರು ಮನೆಮನೆಗೆ ಹೋಗಿ, ತೀರಿಕೊಂಡವರಿಗಾಗಿ ಪ್ರಾರ್ಥಿಸುತ್ತೇವೆಂದು ಹೇಳಿ ಚಿಕ್ಕ ರೊಟ್ಟಿಗಳನ್ನು ಪಡೆಯುತ್ತಿದ್ದರು. ಪಿತೃಪಕ್ಷವನ್ನು ಆಚರಿಸುವ ನಿಮಗೆ ಇದು ತೀರ ಅಪರಿಚಿತವೆನಿಸಲಾರದು.

1840ರ ದಶಕದ ಆಲೂಗಡ್ಡೆ ಕ್ಷಾಮದಲ್ಲಿ ಊರು ಬಿಟ್ಟ ಐರಿಷ್ ಜನರು ಅಮೆರಿಕದಲ್ಲಿ ಈ ಹಬ್ಬವನ್ನು ಬೆಳೆಸಿದರು. ತಮ್ಮ ನಾಡಿನಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದವರಿಗೆ ಇಲ್ಲಿ ದೊಡ್ಡ ಕುಂಬಳಕಾಯಿ ಸಿಕ್ಕಿತು. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಹುಡುಗರ ಪುಂಡಾಟದ ರಾತ್ರಿಯಾಗಿತ್ತು: ಗೇಟು ಕಿತ್ತೊಯ್ಯುವುದು, ಕಿಟಕಿಗೆ ಸಾಬೂನು ಬಳಿಯುವುದು, ದನಗಳನ್ನು ಬಿಚ್ಚಿ ಬೀದಿಗೆ ಬಿಡುವುದು. ಇದನ್ನು ತಡೆಯಲೆಂದೇ ಮಿನ್ನೆಸೋಟದ ಅನೋಕ ಎಂಬ ಊರು 1920ರಲ್ಲಿ ಮಕ್ಕಳಿಗಾಗಿ ಮೆರವಣಿಗೆಯನ್ನು ಏರ್ಪಡಿಸಿತು. ಆ ಊರು ಇಂದು ತನ್ನನ್ನು ಜಗತ್ತಿನ ಹ್ಯಾಲೋವೀನ್ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಮನೆಮನೆಗೆ ಹೋಗಿ ಸಿಹಿ ಕೇಳುವ ರೂಢಿ 1930ರ ದಶಕದಲ್ಲಿ ಹರಡಿತು, ಎರಡನೆಯ ಮಹಾಯುದ್ಧದ ಸಕ್ಕರೆ ಪಡಿತರದಿಂದ ಕುಂಟಿತು, ಆಮೇಲೆ ಗಟ್ಟಿಯಾಗಿ ನಿಂತಿತು. ಬಹುಪಾಲು ಮನೆಗಳಲ್ಲಿ ಉಳಿದಿರುವುದು ಇಷ್ಟೇ: ನೆರೆಯ ಮಕ್ಕಳು ಬಾಗಿಲಿಗೆ ಬರುತ್ತಾರೆ, ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು.

ಹೀಗಿರುವಾಗ ಕೋಣೆಯಲ್ಲಿ ಕುಳಿತುಕೊಳ್ಳುವ ಬದಲು ಬಾಗಿಲಿನ ಕೆಲಸವನ್ನು ನೀವೇ ವಹಿಸಿಕೊಳ್ಳಿ. ಆ ಸಂಜೆ ಮಗ ಸೊಸೆ ಮಕ್ಕಳೊಂದಿಗೆ ಹೊರಗೆ ಹೋದರೆ ಮನೆಯಲ್ಲಿ ಒಬ್ಬರು ಬೇಕೇ ಬೇಕು. ಹೊರಗಿನ ದೀಪ ಹಚ್ಚಿದರೆ ಬನ್ನಿ ಎಂದರ್ಥ, ಆರಿಸಿದರೆ ಮುಗಿಯಿತು ಎಂದರ್ಥ. ಎಲ್ಲರೂ ಇದನ್ನು ಪಾಲಿಸುತ್ತಾರೆ. ಇಂಗ್ಲಿಷ್ ಬರುವುದಿಲ್ಲವೆಂಬ ಅಳುಕು ಬೇಡ. ಮಕ್ಕಳು ‘ಟ್ರಿಕ್ ಆರ್ ಟ್ರೀಟ್’ ಎನ್ನುತ್ತಾರೆ, ನೀವು ಬುಟ್ಟಿಯನ್ನು ಮುಂದೆ ಹಿಡಿದು ನಕ್ಕರೆ ಸಾಕು.

ಚಳಿಯ ಬಗ್ಗೆ ಮಾತ್ರ ಎಚ್ಚರವಿರಲಿ. ಪದೇ ಪದೇ ಬಾಗಿಲು ತೆರೆಯುವುದರಿಂದ ಮುಂಭಾಗದ ಕೋಣೆ ತಣ್ಣಗಾಗುತ್ತದೆ, ವಯಸ್ಸಾದವರ ಮೈ ಆ ಇಳಿತವನ್ನು ಬೇಗ ಅರಿಯುವುದಿಲ್ಲ. ವೃದ್ಧರಿರುವ ಮನೆಯಲ್ಲಿ ಹೀಟರನ್ನು ಕನಿಷ್ಠ 68 ಡಿಗ್ರಿಗೆ ಇಡಬೇಕೆಂಬುದು ಅಮೆರಿಕದ ವೈದ್ಯಕೀಯ ಸಲಹೆ. ಸ್ವೆಟರ್, ಕಾಲುಚೀಲ, ಮೇಲೊಂದು ಶಾಲು ಇರಲಿ. ಸೀರೆಯ ನೆರಿಗೆಯಲ್ಲಿ ಒದ್ದೆ ಮೆಟ್ಟಿಲಿಗೆ ಇಳಿಯಬೇಡಿ, ಹೊಸ್ತಿಲ ಒಳಗಿನಿಂದಲೇ ಕೊಡಿ.

ಇನ್ನು ಸಮಾಧಿ ಕಲ್ಲು. ಸೊಸೆಗೆ ‘ತೆಗೆದುಬಿಡು’ ಎನ್ನುವುದಕ್ಕೂ ‘ಬಾಗಿಲಿನ ಎದುರಿಗಿರುವುದನ್ನು ಸ್ವಲ್ಪ ಪಕ್ಕಕ್ಕೆ ಇಡೋಣವೇ, ಅಲ್ಲಿ ಕುಂಬಳಕಾಯಿ ಇರಲಿ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ಹೇಳಿ ನೋಡಿ. ನವೆಂಬರ್ ಮೊದಲ ವಾರದಲ್ಲಿ ಹೇಗೂ ಅವೆಲ್ಲ ಗ್ಯಾರೇಜಿಗೆ ಹೋಗುತ್ತವೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಇಲ್ಲಿನ ಪೊಟ್ಟಣಗಳ ಮೇಲೆ ಹಸಿರು ಚುಕ್ಕೆ ಇರುವುದಿಲ್ಲ. ಮಕ್ಕಳು ತಂದ ಮಿಠಾಯಿಯಲ್ಲಿ ಯಾವುದನ್ನು ತಿನ್ನಬಹುದು? ಬರುವ ಮಕ್ಕಳಿಗೆ ಅತ್ತೆಯವರು ಮಾಡುವ ಕೊಬ್ಬರಿ ಮಿಠಾಯಿಯನ್ನು ಕೊಡಬಹುದೇ? (ಮಿಷಿಗನ್)

ಉತ್ತರ: ಮುಖ್ಯವಾಗಿ ನೋಡಬೇಕಾದದ್ದು ಜೆಲಟಿನ್. ಅದು ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ತೆಗೆದ ಪದಾರ್ಥ. ಮಾರ್ಷ್‌ಮೆಲೋಗಳಲ್ಲಿ, ಎಳೆದರೆ ರಬ್ಬರಿನಂತಾಗುವ ಬಹುತೇಕ ಗಮ್ಮಿಗಳಲ್ಲಿ, ಅಮೆರಿಕದಲ್ಲಿ ಮಾರುವ ಸ್ಟಾರ್‌ಬರ್ಸ್ಟ್‌ನಲ್ಲಿ ಇದು ಇರುತ್ತದೆ. ಈ ಹಬ್ಬದ ಗುರುತೇ ಆಗಿರುವ, ಜೋಳದ ಕಾಳಿನ ಆಕಾರದ ಕ್ಯಾಂಡಿ ಕಾರ್ನ್‌ನಲ್ಲಿ ಸಾಮಾನ್ಯವಾಗಿ ಜೆಲಟಿನ್ ಜೊತೆಗೆ, ಕೀಟಗಳಿಂದ ಸಿಗುವ ಅರಗಿನ ಹೊಳಪೂ ಇರುತ್ತದೆ. ಸ್ನಿಕರ್ಸ್ ಮತ್ತು ತ್ರೀ ಮಸ್ಕಟೀರ್ಸ್‌ನಲ್ಲಿ ಮೊಟ್ಟೆಯ ಬಿಳಿಭಾಗ ಇದೆಯೆಂಬುದು ಎಷ್ಟೋ ಸಸ್ಯಾಹಾರಿ ಮನೆಗಳಿಗೆ ವರ್ಷಗಳ ನಂತರ ತಿಳಿಯುತ್ತದೆ. ಹರ್ಷಿಯ ಸಾದಾ ಹಾಲಿನ ಚಾಕೊಲೇಟಿನಲ್ಲಿ ಇವೆರಡೂ ಇಲ್ಲ. ಸ್ಕಿಟಲ್ಸ್‌ನಲ್ಲಿ ಹಿಂದೆ ಜೆಲಟಿನ್ ಇತ್ತು, ಈಗ ಇಲ್ಲ. ತೊಡಕಿರುವುದು ಚಿಕ್ಕ ಪೊಟ್ಟಣಗಳಲ್ಲಿ: ಪದಾರ್ಥಗಳ ಪಟ್ಟಿ ದೊಡ್ಡ ಚೀಲದ ಮೇಲಿರುತ್ತದೆಯೇ ಹೊರತು ಮಗುವಿನ ಕೈಗೆ ಬಂದ ಚೂರಿನ ಮೇಲೆ ಎಷ್ಟೋ ವೇಳೆ ಇರುವುದಿಲ್ಲ. ‘ಮನೆಗೆ ಬರುವವರೆಗೆ ಏನನ್ನೂ ಬಾಯಿಗೆ ಹಾಕಬಾರದು’ ಎಂಬ ಒಂದೇ ನಿಯಮವಿಟ್ಟು, ಬಂದಮೇಲೆ ಮೇಜಿನ ಮೇಲೆ ಸುರಿದು ಬೇರ್ಪಡಿಸಿ. ಬೇಡವಾದುದಕ್ಕೆ ಬದಲಾಗಿ ಬೇರೆ ಕೊಡಲು ನಿಮ್ಮ ಬಳಿ ಒಂದಿಷ್ಟು ಇಟ್ಟುಕೊಂಡರೆ ಮಕ್ಕಳಿಗೆ ನಷ್ಟವಾಯಿತೆನಿಸದು.

ಕೊಬ್ಬರಿ ಮಿಠಾಯಿ ಬೇಡ. ಅಪರಿಚಿತರು ಮಿಠಾಯಿಯಲ್ಲಿ ವಿಷ ಬೆರೆಸುತ್ತಾರೆಂಬ ಭಯ ಇಲ್ಲಿನ ತಂದೆತಾಯಿಗಳಲ್ಲಿ ಆಳವಾಗಿ ಬೇರೂರಿದೆ. ಆ ಭಯಕ್ಕೆ ಆಧಾರ ಬಹಳ ತೆಳುವಾದದ್ದು: ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1958ರಿಂದ ಈಚಿನ ವರದಿಗಳನ್ನು ಕೆದಕಿ ನೋಡಿದಾಗ, ಮನೆಬಾಗಿಲಿಗೆ ಬಂದ ಮಗುವನ್ನು ಅಪರಿಚಿತರು ಹೀಗೆ ಕೊಂದ ಒಂದು ನಿದರ್ಶನವೂ ಸಿಗಲಿಲ್ಲ. 1974ರಲ್ಲಿ ಟೆಕ್ಸಾಸಿನಲ್ಲಿ ನಡೆದ ಕುಖ್ಯಾತ ಪ್ರಕರಣದಲ್ಲಿ ವಿಷವಿಟ್ಟವನು ಮಗುವಿನ ಸ್ವಂತ ತಂದೆ. ಹಾಗಿದ್ದರೂ ಮೊಹರು ಮಾಡದ ತಿನಿಸನ್ನು ತಂದೆತಾಯಿಗಳು ಎಸೆಯುತ್ತಾರೆ, ಅತ್ತೆಯವರ ಶ್ರಮ ಕಸದ ಬುಟ್ಟಿ ಸೇರುತ್ತದೆ. ಅದನ್ನು ಪರಿಚಿತ ಸ್ನೇಹಿತರು ಮನೆಗೆ ಊಟಕ್ಕೆ ಬಂದಾಗ ಬಡಿಸಿ.

ಮಿಠಾಯಿಯ ಜೊತೆ ಇನ್ನೊಂದು ಬುಟ್ಟಿಯಲ್ಲಿ ಪೆನ್ಸಿಲ್, ಸ್ಟಿಕರ್, ಚಿಕ್ಕ ಆಟಿಕೆಗಳನ್ನಿಟ್ಟು, ಬಾಗಿಲಲ್ಲಿ ಹಸಿರುನೀಲಿ ಬಣ್ಣ ಬಳಿದ ಕುಂಬಳಕಾಯಿ ಇಟ್ಟರೆ, ತಿನ್ನುವ ವಸ್ತುವಲ್ಲದ ಉಡುಗೊರೆಯೂ ಈ ಮನೆಯಲ್ಲಿದೆ ಎಂದು ಅಲರ್ಜಿ ಇರುವ ಮಕ್ಕಳಿಗೆ ತಿಳಿಯುತ್ತದೆ. ಟೆನೆಸಿಯಲ್ಲಿ ಒಂದು ಚಿಕ್ಕ ಗುಂಪು ಆರಂಭಿಸಿದ ಈ ಪದ್ಧತಿ 2014ರಿಂದ ದೇಶವ್ಯಾಪಿಯಾಗಿದೆ.

ಪ್ರಶ್ನೆ: ವಾರದ ಮೊದಲೇ ಕೆತ್ತಿದ ಕುಂಬಳಕಾಯಿ ಹಬ್ಬದ ದಿನಕ್ಕೆ ಕುಸಿದು ಬೀಳುತ್ತದೆ. ಏಕೆ? ಹಬ್ಬದ ನಂತರ ಅದನ್ನು ಪಲ್ಯ ಮಾಡಬಹುದೇ?

ಉತ್ತರ: ಕೆತ್ತಿದ ಕಾಯಿ ಕೆಲವೇ ದಿನ ಬಾಳುತ್ತದೆ. ರಾತ್ರಿ ಹೆಪ್ಪುಗಟ್ಟುವ ಚಳಿ ಬಿದ್ದರೆ ಒಳಗಿನ ನೀರು ಮಂಜಾಗಿ ಜೀವಕೋಶಗಳನ್ನು ಒಡೆಯುತ್ತದೆ, ಹಗಲಿನಲ್ಲಿ ಕರಗಿದಾಗ ಕಾಯಿ ಮೆತ್ತಗಾಗುತ್ತದೆ. 29 ಅಥವಾ 30ಕ್ಕೆ ಕೆತ್ತಿ, ರಾತ್ರಿ ಗ್ಯಾರೇಜಿನಲ್ಲಿಡಿ. ವೇಷದ ಬಟ್ಟೆಗಳು ಸುಳಿದಾಡುವ ಕಡೆ ಮೇಣದ ಬತ್ತಿಗಿಂತ ಬ್ಯಾಟರಿ ದೀಪ ಲೇಸು. ಹೊರಗಿಟ್ಟ ಕೆತ್ತಿದ ಕಾಯಿಯನ್ನು ತಿನ್ನಬಾರದು. ಕೆತ್ತುವಾಗ ತೆಗೆದ ಬೀಜವನ್ನು ತೊಳೆದು, ಉಪ್ಪು ಖಾರ ಸವರಿ ಹುರಿದರೆ ಚೆನ್ನಾಗಿರುತ್ತದೆ. ಪಲ್ಯಕ್ಕೆ ಶುಗರ್ ಪಂಪ್ಕಿನ್ ಎಂದು ಮಾರುವ ಚಿಕ್ಕ ಕಾಯಿ ತನ್ನಿ. ಕೆತ್ತುವ ಜಾತಿಯದು ನಾರುನಾರು, ನೀರುನೀರು.

ಪ್ರಶ್ನೆ: ಹನ್ನೆರಡು ವರ್ಷದ ಮಗ ಈ ವರ್ಷ ನಾವಿಲ್ಲದೆ ಸ್ನೇಹಿತರೊಂದಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ಭಾವನವರು ‘ಬಿಡಿ, ದೊಡ್ಡವನಾದ’ ಎನ್ನುತ್ತಾರೆ. ಕಳ್ಳರು, ಅಪಹರಣಕಾರರ ಭಯ ನನಗೆ. (ಓಹಾಯೊ)

ಉತ್ತರ: ಭಯಪಡಬೇಕಾದದ್ದು ಕಾರುಗಳಿಗೆ. 1975ರಿಂದ 2016ರವರೆಗಿನ ಅಪಘಾತಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಆಸುಪಾಸಿನ ಬೇರೆ ಸಂಜೆಗಳಿಗೆ ಹೋಲಿಸಿದರೆ ಹ್ಯಾಲೋವೀನ್ ಸಂಜೆ ಪಾದಚಾರಿಗಳು ಸಾಯುವ ಅಪಾಯ 43 ಶೇಕಡಾ ಹೆಚ್ಚು. ಆರು ಗಂಟೆಯ ಸುಮಾರು ಅದರ ತುದಿ. 2007ರಿಂದ ಗಡಿಯಾರವನ್ನು ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತಿರುಗಿಸುತ್ತಿರುವುದರಿಂದ ಮಕ್ಕಳಿಗೆ ಒಂದು ಗಂಟೆ ಹೆಚ್ಚು ಬೆಳಕು ಸಿಕ್ಕಿದೆ, ಆದರೂ ಕತ್ತಲೆ ತಪ್ಪುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಪರಿಚಿತ ಬಡಾವಣೆಯಲ್ಲಿ, ನಾಲ್ಕೈದು ಮಂದಿ ಒಟ್ಟಾಗಿ ಹೋಗುವುದಾದರೆ ಹನ್ನೆರಡು ವರ್ಷದವನನ್ನು ಕಳಿಸಬಹುದು. ದಾರಿಯನ್ನು ಮೊದಲೇ ಗೊತ್ತುಮಾಡಿ. ವೇಷದ ಬೆನ್ನಿಗೂ ಚೀಲಕ್ಕೂ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿ, ಕೈಯಲ್ಲಿ ಟಾರ್ಚ್ ಕೊಡಿ. ರಸ್ತೆಯ ಒಂದು ಬದಿಯ ಮನೆಗಳನ್ನು ಪೂರ್ತಿ ಮುಗಿಸಿ, ಮೂಲೆಯಲ್ಲಿ ಮಾತ್ರ ದಾಟಬೇಕು. ಅತ್ತಿಂದಿತ್ತ ಓಡುವುದೇ ಅಪಾಯ. ಭಾವನವರಿಗೂ ಒಂದು ಮಾತು ಹೇಳಿ: ಅಂದು ಸಂಜೆ ಅವರು ಪಾರ್ಟಿಗೆ ಕಾರಿನಲ್ಲಿ ಹೊರಟರೆ ಬಡಾವಣೆಯ ಒಳಗೆ ನಿಧಾನವಾಗಿ ಓಡಿಸಲಿ, ಕುಡಿದಿದ್ದರೆ ಓಡಿಸಲೇಬಾರದು.

ಊರಿನ ನಿಯಮವನ್ನೂ ನೋಡಿಕೊಳ್ಳಿ. ಎಷ್ಟೋ ಊರುಗಳು ಗಂಟೆಗಳನ್ನು ಗೊತ್ತುಮಾಡಿರುತ್ತವೆ, ಕೆಲವು ವಯಸ್ಸನ್ನೂ. ವರ್ಜೀನಿಯದ ಚೆಸಪೀಕ್ ನಗರದಲ್ಲಿ ಹನ್ನೆರಡು ದಾಟಿದವರು ಮಿಠಾಯಿ ಕೇಳಿದರೆ ಜೈಲಿನ ಶಿಕ್ಷೆಯಿದ್ದ ವಿಚಿತ್ರ ಕಾನೂನು 2019ರವರೆಗೂ ಪುಸ್ತಕದಲ್ಲಿತ್ತು. ಅಯೋವದ ಡೆ ಮೊಯ್ನ್ ನಗರದಲ್ಲಿ ದಶಕಗಳ ಕಾಲ ಮಕ್ಕಳು ಹೊರಡುತ್ತಿದ್ದುದು 31ರಂದಲ್ಲ, 30ರಂದು, ಅದೂ ಬಾಗಿಲಲ್ಲಿ ಒಂದು ನಗೆಹನಿ ಹೇಳಿದ ಮೇಲೆಯೇ ಮಿಠಾಯಿ. 2024ರಲ್ಲಿ ಹವಾಮಾನ ಕೆಟ್ಟದ್ದರಿಂದ ಅಲ್ಲಿಯೂ 31ಕ್ಕೆ ಮುಂದೂಡಿದರು. ನೆಂಟರಿಗೆ ದಿನ ಹೇಳುವ ಮುನ್ನ ನಗರಸಭೆಯ ಪ್ರಕಟಣೆಯನ್ನು ಓದುವುದು ಒಳ್ಳೆಯದು.

ಪ್ರಶ್ನೆ: ಹಬ್ಬದ ಮರುದಿನ ನಮ್ಮ ಮಕ್ಕಳಿಗೂ ನಾದಿನಿಯ ಮಕ್ಕಳಿಗೂ ಮಿಠಾಯಿಯ ಜಗಳ. ಯಾರದು ಎಷ್ಟು ಎಂದು ಲೆಕ್ಕ ಹಾಕುವುದರಲ್ಲೇ ದಿನ ಹೋಗುತ್ತದೆ. ಉಳಿದದ್ದನ್ನು ಏನು ಮಾಡುವುದು?

ಉತ್ತರ: ಎಲ್ಲರದನ್ನೂ ಒಂದೇ ರಾಶಿಗೆ ಸುರಿಯುವ ದೊಡ್ಡವರ ಉಪಾಯವನ್ನು ಮಕ್ಕಳು ಅನ್ಯಾಯವೆಂದೇ ಬಗೆಯುತ್ತಾರೆ, ಅವರ ವಾದ ಸರಿಯೂ ಹೌದು, ಚಳಿಯಲ್ಲಿ ನಡೆದವರು ಅವರು. ಚೀಲ ಅವರವರದೇ ಇರಲಿ, ವಿನಿಮಯಕ್ಕೆ ಮಾತ್ರ ಒಂದು ಹೊತ್ತು ಗೊತ್ತುಮಾಡಿ, ದೊಡ್ಡವರು ಪಂಚಾಯಿತಿಗೆ ಹೋಗಬೇಡಿ. ನಾಲ್ಕು ವರ್ಷದೊಳಗಿನವರ ಪಾಲಿನಿಂದ ಗಟ್ಟಿ ಮಿಠಾಯಿ, ಚೂಯಿಂಗ್ ಗಮ್, ಇಡೀ ಕಡಲೆಬೀಜಗಳನ್ನು ತೆಗೆದುಬಿಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ದಿನವಿಡೀ ಒಂದೊಂದಾಗಿ ತಿನ್ನುವುದಕ್ಕಿಂತ ಊಟದ ಜೊತೆಗೇ ತಿಂದು ಮುಗಿಸುವುದು ಹಲ್ಲಿಗೆ ಮೇಲು. ಹಲ್ಲಿಗೆ ಅಂಟುವ ಜಾತಿಯದು ಎಲ್ಲಕ್ಕಿಂತ ಕೆಟ್ಟದ್ದು. ನಾಯಿ ಇರುವ ಮನೆಯಲ್ಲಿ ಚೀಲ ನೆಲದ ಮೇಲಿರಬಾರದು, ಚಾಕೊಲೇಟ್ ಅದಕ್ಕೆ ವಿಷ. ಹೆಚ್ಚಾದ ಮಿಠಾಯಿಯನ್ನು ಕೊಂಡುಕೊಂಡು ಸೈನಿಕರಿಗೆ ಕಳಿಸುವ ದಂತವೈದ್ಯರು ಹಲವು ಊರುಗಳಲ್ಲಿದ್ದಾರೆ. ನವೆಂಬರ್ ಮೊದಲ ವಾರದೊಳಗೆ ವಿಚಾರಿಸಿ. ಸಾದಾ ಚಾಕೊಲೇಟನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ಕ್ರಿಸ್‌ಮಸ್ ರಜೆಯಲ್ಲಿ ಅದೇ ನೆಂಟರು ಮತ್ತೆ ಬರುವವರೆಗೂ ಕೆಡುವುದಿಲ್ಲ.